ನಂದಿಯ ಸೀಮೆಯ ಕೆರೆಗಳೂ ಕಟ್ಟುಕೊಡಗೆಯ ಒಡಂಬಡಿಕೆಯೂ

ನಂದಿಯ ಗಿರಿಶ್ರೇಣಿಯಲ್ಲಿ ಹುಟ್ಟುವ ನದಿಗಳು ಹಲವು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಘ್ನಿ, ಅರ್ಕಾವತಿ ಇವೆಲ್ಲವೂ ಈ ಬೆಟ್ಟಗಳ ಮಕ್ಕಳೇ. ಆದರೆ ಮದುವೆಯಾದ ಹೆಣ್ಣುಮಕ್ಕಳು ತವರಿನಲ್ಲಿ ನಿಲ್ಲದಂತೆ, ಇವು ಹುಟ್ಟಿದ ನೆಲದಲ್ಲಿ ನಿಲ್ಲದೆ ಪರನಾಡುಗಳಿಗೆ ಹರಿದುಹೋಗುತ್ತವೆ. ಆದಕಾರಣ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಿಗೂ ವರ್ಷವಿಡೀ ತುಂಬಿ ಹರಿಯುವ ಹೊಳೆಯೆಂಬುದು ಒಂದೂ ಇಲ್ಲ. ಇಂತಹ ಸೀಮೆಯಲ್ಲಿ ಸಹಸ್ರಾರು ವರ್ಷಗಳಿಂದ ಜನರು ಊರು ಕಟ್ಟಿ, ಭತ್ತ ಬೆಳೆದು, ಗುಡಿ ಮಠಗಳನ್ನು ಎತ್ತಿ, ಅತಿಥಿ ಅಭ್ಯಾಗತರಿಗೆ ಅನ್ನವಿಕ್ಕಿ ಬಾಳಿದರಲ್ಲಾ, ಅದು ಹೇಗೆ ಸಾಧ್ಯವಾಯಿತು? ಕೆರೆಗಳಿಂದ ಎಂಬ ಉತ್ತರವನ್ನು ಎಲ್ಲರೂ ಬಲ್ಲರು. ಆದರೆ ಆ ಕೆರೆಗಳು ಹೇಗೆ ಆದುವು, ಯಾರ ನೆಲದಲ್ಲಿ, ಯಾರ ಹಣದಿಂದ, ಯಾರ ಬೆವರಿನಿಂದ, ಎಂತಹ ಕರಾರಿನ ಮೇಲೆ ಆದುವು ಎಂಬುದನ್ನು ವಿಚಾರಿಸುವವರು ವಿರಳ. ಈ ಸ್ಮರಣಸಂಪುಟವನ್ನು ಓದುವ ಭಕ್ತಮಹಾಶಯರ ಮುಂದೆ ಆ ವಿಚಾರವನ್ನು ನನ್ನ ಬುದ್ಧಿಗೆ ಎಟಕಿದಷ್ಟು ನಿವೇದಿಸುವುದೇ ಈ ಲೇಖನದ ಉದ್ದೇಶವು.

ಕೆರೆಯೆಂದರೆ ಅರಸನು ಅಪ್ಪಣೆ ಮಾಡಿ ಕಟ್ಟಿಸಿದ್ದು ಎಂಬುದು ಸಾಮಾನ್ಯವಾದ ನಂಬಿಕೆ. ಅರಸರು ಕಟ್ಟಿಸಿದ ಕೆರೆಗಳೂ ಉಂಟು, ಇಲ್ಲವೆನ್ನಲಾಗದು. ಆದರೆ ಈ ಸೀಮೆಯ ಶಾಸನಗಳನ್ನು ಓದಿದವರಿಗೆ ಬೇರೊಂದು ಸಂಗತಿಯು ಗೋಚರವಾಗುತ್ತದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವು ಆಗಿನ ಕೋಲಾರ ಜಿಲ್ಲೆಯ ಶಾಸನಗಳ ಸಂಗ್ರಹ. 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳೂ ಕೋಲಾರಕ್ಕೆ ಸೇರಿದ್ದುವಾದ್ದರಿಂದ ಇವುಗಳ ಶಾಸನಗಳೂ ಆ ಸಂಪುಟದಲ್ಲಿಯೇ ಇವೆ. ಅದರಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಮೂರು ಮಾತುಗಳೆಂದರೆ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ. ಈ ಮೂರೂ ಕೆರೆಯ ಕೆಲಸಕ್ಕೆ ಪ್ರತಿಯಾಗಿ ಭೂಮಿಯಲ್ಲಿ ಸಲ್ಲುವ ಪಾಲಿಗೆ ಸಂಬಂಧಿಸಿದ ಮಾತುಗಳು. ಗಂಗರು, ಬಾಣರು, ನೊಳಂಬರು ಆಳಿದ ಕಾಲದಲ್ಲಿ ಬಿತ್ತುವಟ್ಟವೆಂಬ ಹೆಸರು ಹೆಚ್ಚು. ವಿಜಯನಗರದ ಕಾಲಕ್ಕೆ ಬಂದರೆ ಕಟ್ಟುಕೊಡಗೆ, ದಶವಂದ ಎಂಬ ಹೆಸರುಗಳು ಬಳಕೆಗೆ ಬಂದಿರುವುದು ಕಾಣುತ್ತದೆ. ದಶವಂದವೆಂದರೆ ಹತ್ತರಲ್ಲಿ ಒಂದು ಪಾಲು ಎಂಬುದು ಮೂಲದ ಅರ್ಥವಾದರೂ, ಪಾಲಿನ ಪ್ರಮಾಣವು ಕಾಲ ದೇಶಗಳಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತಿದ್ದಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಈ ಒಡಂಬಡಿಕೆಯ ಸ್ವರೂಪವು ಹೀಗೆ. ಒಂದು ಊರಿನ ನೆಲವು ಒಬ್ಬ ಪ್ರಭುವಿನದೋ, ದೇವಸ್ಥಾನದ್ದೋ, ಅಗ್ರಹಾರದ ಮಹಾಜನರದೋ ಆಗಿರುತ್ತದೆ. ನೆಲವಿದೆ, ನೀರಿಲ್ಲ; ಕೆರೆಯನ್ನು ಕಟ್ಟಿಸಲು ಬೇಕಾದ ದ್ರವ್ಯವೂ ಇಲ್ಲ. ಆಗ ಶಕ್ತನಾದ ಒಬ್ಬನು ಮುಂದೆ ಬಂದು, ತನ್ನ ಹಣದಿಂದ ಆಳುಗಳನ್ನು ಕೂಡಿಸಿ, ಏರಿಯನ್ನು ಹಾಕಿಸಿ, ತೂಬನ್ನು ಇಡಿಸಿ, ಕೋಡಿಯನ್ನು ಕಟ್ಟಿಸಿ ಕೆರೆಯನ್ನು ಮಾಡಿಕೊಡುವುದಾಗಿ ಒಪ್ಪುತ್ತಾನೆ. ನೆಲದ ಒಡೆಯರು ಅದಕ್ಕೆ ಪ್ರತಿಯಾಗಿ, ಆ ಕೆರೆಯ ಕೆಳಗೆ ನೀರುಣ್ಣುವ ಗದ್ದೆಯಲ್ಲಿ ಇಷ್ಟು ಪಾಲು ನಿನಗೂ ನಿನ್ನ ಮಕ್ಕಳು ಮೊಮ್ಮಕ್ಕಳಿಗೂ ಸಲ್ಲತಕ್ಕದ್ದೆಂದು ಬರೆದುಕೊಡುತ್ತಾರೆ. ಆ ಪಾಲಿಗೆ ಕಂದಾಯವಿಲ್ಲ, ಇಲ್ಲವೆ ಅತ್ಯಲ್ಪ. ಕೆರೆಯನ್ನು ಮುಂದೆಯೂ ಸುಸ್ಥಿತಿಯಲ್ಲಿ ಇಟ್ಟುಕೊಂಡು ಬರುವ ಹೊಣೆಯೂ ಅನೇಕ ಕಡೆಗಳಲ್ಲಿ ಆ ಪಾಲಿನೊಡನೆ ಸೇರಿಕೊಂಡಿರುತ್ತದೆ. ಕೆಲವು ಕಡೆ ಹೂಳೆತ್ತುವ ಬಂಡಿಗಳನ್ನು ನಡೆಯಿಸುವುದಕ್ಕೆಂದೇ ಬೇರೆಯಾಗಿ ದತ್ತಿ ಬಿಟ್ಟಿರುವುದುಂಟು. ಇಷ್ಟನ್ನೂ ಕಲ್ಲಿನ ಮೇಲೆ ಕೆತ್ತಿಸಿ, ಚಂದ್ರಸೂರ್ಯರನ್ನು ಸಾಕ್ಷಿಯಾಗಿ ಮೇಲೆ ಬಿಡಿಸಿ, ತಪ್ಪಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪವನ್ನು ಕೊನೆಯಲ್ಲಿ ಹೇಳಿ ಮುಗಿಸುವುದು ಪದ್ಧತಿ.

ಇಂತಹ ಕೂಡುಕೆಲಸದ ನ್ಯಾಯವು ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೊಸದಾಗಿ ಕೆರೆ ಕಟ್ಟೆಗಳನ್ನು ಕಟ್ಟಿದವನಿಗೆ 5 ವರ್ಷ, ಒಡೆದು ಪಾಳಾದುದನ್ನು ಸರಿಪಡಿಸಿದವನಿಗೆ 4 ವರ್ಷ ಕಂದಾಯ ಬಿಡತಕ್ಕದ್ದೆಂಬ ವಿಧಿಯಿದೆ. ಹಲವರು ಕೂಡಿ ಕಟ್ಟೆ ಹಾಕಲು ಹೊರಟಾಗ ನಡುವೆ ಹಿಂದೆಗೆದವನ ಆಳುಗಳೂ ಎತ್ತುಗಳೂ ಕೆಲಸಕ್ಕೆ ಬರತಕ್ಕದ್ದೇ, ಖರ್ಚಿನಲ್ಲಿ ಅವನು ಪಾಲು ಕೊಡತಕ್ಕದ್ದೇ, ಫಲದಲ್ಲಿ ಮಾತ್ರ ಅವನಿಗೆ ಭಾಗವಿಲ್ಲ ಎಂದು ಅದೇ ಗ್ರಂಥವು ಕಟ್ಟುನಿಟ್ಟಾಗಿ ಹೇಳುತ್ತದೆ. ಧರ್ಮಶಾಸ್ತ್ರಗಳ 18 ವ್ಯವಹಾರಪದಗಳಲ್ಲಿ ಸಂಭೂಯಸಮುತ್ಥಾನವೆಂಬುದು ಒಂದು; ಹಲವರು ಕೂಡಿ ನಡೆಯಿಸುವ ಉದ್ಯಮದ ಲಾಭನಷ್ಟಗಳ ಹಂಚಿಕೆಯೇ ಅದರ ವಿಷಯ. ಮನೆಯನ್ನೋ ದೇವಾಲಯವನ್ನೋ ಕೊಳವನ್ನೋ ಕೂಡಿ ಕಟ್ಟುವ ಶಿಲ್ಪಿಗಳಲ್ಲಿ ಮುಖ್ಯನಾದವನಿಗೆ ಎರಡು ಪಾಲು ಸಲ್ಲಬೇಕೆಂದು ಬೃಹಸ್ಪತಿಯ ಮತ. ಕಲಿಯುವವನಿಗೆ ಒಂದು, ಬಲ್ಲವನಿಗೆ ಎರಡು, ನಿಪುಣನಿಗೆ ಮೂರು, ಆಚಾರ್ಯನಿಗೆ ನಾಲ್ಕು ಎಂಬ ಹಂಚಿಕೆಯನ್ನೂ ಸ್ಮೃತಿಕಾರರು ಹೇಳಿದ್ದಾರೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಇದ್ದವನೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು. ಈ ಶಾಸ್ತ್ರದ ಮಾತನ್ನು ನಂದಿಯ ಸೀಮೆಯವರು ಓದಿ ನಡೆದರೋ, ಹೊಟ್ಟೆಯ ಪಾಠದಿಂದಲೇ ಕಲಿತು ನಡೆದರೋ, ಅಂತೂ ನಡೆದರು.

ಇನ್ನು ಕೆಲವು ನಿದರ್ಶನಗಳನ್ನು ನೋಡೋಣ. ಮೊದಲನೆಯದು ಗೌರಿಬಿದನೂರು ತಾಲ್ಲೂಕಿನ, ಕ್ರಿ. ಶ. 1388ರ ಶಾಸನ. ವಿಜಯನಗರದ ರಾಜಕುಮಾರನಾದ ಪ್ರತಾಪ ಬುಕ್ಕರಾಯನು ಪೆನುಗೊಂಡೆಯಲ್ಲಿದ್ದಾಗ, ನೀರೇ ಪ್ರಾಣಿಗಳಿಗೆ ಜೀವವೆಂಬುದನ್ನು ಮನಗಂಡು, ಪ್ರಜೆಗಳ ಸುಖಕ್ಕಾಗಿ ಹೆನ್ನೆಯ ಹೊಳೆಯನ್ನು, ಎಂದರೆ ಉತ್ತರ ಪಿನಾಕಿನಿಯನ್ನು, ಪೆನುಗೊಂಡೆಗೆ ತರಬೇಕೆಂದು ಜಲಸೂತ್ರದ ಸಿಂಗಯಭಟ್ಟನಿಗೆ ಹೇಳಿದನಂತೆ. ಆ ಸಿಂಗಯಭಟ್ಟನು ಸಿರುವೆರೆಯ ಕೆರೆಯವರೆಗೆ ಕಾಲುವೆಯನ್ನು ತಂದು, ಅದಕ್ಕೆ ಪ್ರತಾಪ ಬುಕ್ಕರಾಯ ಮಂಡಲದ ಕಾಲುವೆ ಎಂದು ಹೆಸರಿಟ್ಟನು. ಕೆಲಸವನ್ನು ಬಲ್ಲವನ ಹೆಸರನ್ನು ಅರಸನ ಹೆಸರಿನೊಡನೆ ಕಲ್ಲಿನಲ್ಲಿ ನಿಲ್ಲಿಸಿದ ಶಾಸನವಿದು. ಆಳುವವನು ಬಯಸಿದರೂ ಬಲ್ಲವನಿಲ್ಲದೆ ನೀರು ಹರಿಯದೆಂಬ ವಿನಯವು ಆ ಕಾಲದವರಲ್ಲಿದ್ದಿತು.

ಎರಡನೆಯ ನಿದರ್ಶನಕ್ಕಾಗಿ ನಮ್ಮ ಸೀಮೆಯಿಂದ ಸ್ವಲ್ಪ ದೂರ, ತುಂಗಭದ್ರೆಯ ದಡದ ಹರಿಹರಕ್ಕೆ ಹೋಗಬೇಕಾಗಿದೆ; ಏಕೆಂದರೆ ಒಡೆಯನಿಗೂ ಕಟ್ಟುವವರಿಗೂ ನಡೆದ ಕರಾರು ಅಲ್ಲಿಯಷ್ಟು ಸ್ಫುಟವಾಗಿ ಬೇರೆಡೆ ಸಿಗುವುದು ಅಪೂರ್ವ. 1410ರಲ್ಲಿ ಹರಿದ್ರಾ ನದಿಗೆ ಅಣೆಯನ್ನು ಕಟ್ಟಿ ಕಾಲುವೆಯನ್ನು ತೆಗೆಯಲಾಯಿತು. ನೆಲವು ಹರಿಹರೇಶ್ವರ ದೇವರದು; ಕಟ್ಟುವ ಖರ್ಚು ಬ್ರಾಹ್ಮಣರದು. ಕಾಲುವೆಯಿಂದ ನೀರು ಹಾಯುವ ಭೂಮಿಯನ್ನು ಮೂರು ಪಾಲು ಮಾಡಿ, ಎರಡನ್ನು ದೇವರಿಗೂ ಒಂದನ್ನು ಕಟ್ಟಿದವರಿಗೂ ಸಲ್ಲಿಸತಕ್ಕದ್ದೆಂದು ನಿಶ್ಚಯವಾಯಿತು. ಮುಂದೆ ಆ ಅಣೆಯು ಒಡೆದುಹೋಗಲು, 1424ರಲ್ಲಿ ಚಾಮನೃಪಾಲನೆಂಬ ದಂಡನಾಯಕನು ಅದನ್ನು ಮತ್ತೆ ಕಟ್ಟಿಸಿದನು. ಹದಿನಾಲ್ಕೇ ವರ್ಷಗಳಲ್ಲಿ ಒಡೆದ ಕಟ್ಟಡವನ್ನು ಪಾಳು ಬಿಡದೆ ಮತ್ತೆ ಎತ್ತಿ ನಿಲ್ಲಿಸಿದರೆಂಬುದನ್ನು ಗಮನಿಸಬೇಕು.

ಮೂರನೆಯದು ಕೆರೆಯ ಆಯುಸ್ಸನ್ನು ತಿಳಿಸುವಂತಹುದು. ಹಳೆಯ ಕೋಲಾರ ಜಿಲ್ಲೆಗೇ ಸೇರಿದ ಬೇತಮಂಗಲದ ಕೆರೆಯು ಸುಮಾರು 950ರಲ್ಲಿ ನೊಳಂಬ ಅರಸನಿಂದ ಜೀರ್ಣೋದ್ಧಾರವಾಯಿತು. 1155ರಲ್ಲಿ ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯನು ಅದನ್ನು ಮತ್ತೆ ಕಟ್ಟಿಸಿದನು. 1903ರ ಮಹಾವೃಷ್ಟಿಯಲ್ಲಿ ಅದು ಪುನಃ ಒಡೆಯಿತು. ಕೆರೆಯೆಂಬುದು ಒಮ್ಮೆ ಕಟ್ಟಿ ಮರೆಯತಕ್ಕ ವಸ್ತುವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಶಾಸನಗಳ ಕೊನೆಯಲ್ಲಿ ಬರುವ ವಾಡಿಕೆಯ ಶ್ಲೋಕವೊಂದು ದಾನಕ್ಕಿಂತ ಪಾಲನೆಯೇ ಮಿಗಿಲೆಂದು ಸಾರುವುದು ಸುಮ್ಮನೆ ಅಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಈ ಒಡಂಬಡಿಕೆಯ ಜೀವಾಳವು ಯಾವುದು? ಕಟ್ಟಿದವನ ಕೂಲಿಯು ನಾಣ್ಯದಲ್ಲಿರಲಿಲ್ಲ, ಕೆರೆಯ ಕೆಳಗಿನ ಗದ್ದೆಯಲ್ಲಿದ್ದಿತು ಎಂಬುದೇ ಅದರ ಜೀವಾಳ. ಏರಿಯ ಮಣ್ಣನ್ನು ಸರಿಯಾಗಿ ದಮ್ಮಸು ಮಾಡದೆ ಹೋದರೆ ಮೊದಲು ಕೊಚ್ಚಿಹೋಗುವುದು ಅವನ ಪೈರು. ತೂಬು ಸೋರಿದರೆ ಒಣಗುವುದು ಅವನ ಗದ್ದೆ. ಕೋಡಿಯನ್ನು ತಗ್ಗಿಸಿದರೆ ನೀರು ಕಡಿಮೆಯಾಗುವುದು ಅವನಿಗೇ. ಹೀಗಿರುವಾಗ ಕೆಲಸದ ಮೇಲೆ ಕಾವಲಿಡಲು ಬೇರೊಬ್ಬ ಅಧಿಕಾರಿಯ ಅಗತ್ಯವೇನಿದೆ? ಮಳೆ ಬಂದರೆ ಒಡೆಯನೂ ಕಟ್ಟಿದವನೂ ಕೂಡಿಯೇ ಉಣ್ಣುವರು. ಬರ ಬಂದರೆ ಇಬ್ಬರೂ ಕೂಡಿಯೇ ಉಪವಾಸವಿರುವರು. ಲಾಭದಲ್ಲಿ ಮಾತ್ರವಲ್ಲದೆ ಅಪಾಯದಲ್ಲಿಯೂ ಪಾಲುಗಾರಿಕೆಯಿದ್ದಿತಾದ್ದರಿಂದಲೇ, ಕೆಲಸ ಮುಗಿದ ದಿನ ಅವರ ಸಂಬಂಧವು ಮುಗಿಯಲಿಲ್ಲ. ಆ ದಿನ ಅದು ಆರಂಭವಾಯಿತು. ಗುತ್ತಿಗೆಯೆಂಬ ಮಾತನ್ನು ಈಗ ನಾವು ಹಣ ಪಡೆದು ಕೆಲಸ ಮುಗಿಸಿ ಹೊರಟುಹೋಗುವುದಕ್ಕೆ ಬಳಸುತ್ತೇವೆ. ಹಳೆಯ ಶಾಸನಗಳಲ್ಲಿ ಗುತ್ತಗೆಯೆಂದರೆ ನೆಲವನ್ನು ನಿಶ್ಚಿತವಾದ ತೆರಿಗೆ ಗೇಣಿಗಳಿಗೆ ಹಿಡಿದು ಅಲ್ಲಿಯೇ ನಿಲ್ಲುವುದು. ಒಂದೇ ಮಾತು, ನಿಲ್ಲುವುದರಿಂದ ಹೊರಡುವುದಕ್ಕೆ ತಿರುಗಿಬಿಟ್ಟಿದೆ.

ಆದರೆ ಚರಿತ್ರೆಯನ್ನು ಬರೆಯುವವನು ಹೊಗಳಿಕೆಯಲ್ಲಿಯೇ ನಿಂತರೆ ಸತ್ಯಕ್ಕೆ ಅಪಚಾರವಾದೀತು. ಒಡಂಬಡಿಕೆಯಲ್ಲಿ ಹೆಸರುಳ್ಳವರು ಇಬ್ಬರು: ನೆಲವುಳ್ಳವನು, ಹಣವುಳ್ಳವನು. ಗುದ್ದಲಿ ಹಿಡಿದವನು ಎಲ್ಲಿ? ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನವು ಈ ವಿಷಯದಲ್ಲಿ ಸ್ವಲ್ಪ ಬಾಯಿ ಬಿಡುತ್ತದೆ. ದಿನವೊಂದಕ್ಕೆ 1,000 ಆಳುಗಳೂ ಕಲ್ಲು ಹೇರುವ 100 ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕೆಲಸ ಮುಗಿಯಿತೆಂದು ಅದರಲ್ಲಿದೆ. ಒಳ್ಳೆಯ ಕೆರೆಗೆ ಇರಬೇಕಾದ 12 ಅಂಗಗಳನ್ನೂ 6 ದೋಷಗಳನ್ನೂ ಎಣಿಸುವಾಗ, ಧರ್ಮಿಷ್ಠನಾದ ಅರಸನಂತೆ, ಜಲಶಾಸ್ತ್ರವನ್ನು ಬಲ್ಲ ಪಂಡಿತನಂತೆ, ಗಟ್ಟಿಯಾದ ನೆಲದಂತೆ, ಕಟ್ಟುವ ಕಲೆಯಲ್ಲಿ ನುರಿತ ಜನರ ತಂಡವೂ ಒಂದು ಅಂಗವೆಂದು ಅದು ಒಪ್ಪುತ್ತದೆ. ಆದರೂ ಆ 1,000 ಮಂದಿಯಲ್ಲಿ ಒಬ್ಬನ ಹೆಸರೂ ಕಲ್ಲಿನ ಮೇಲಿಲ್ಲ.

ನಮ್ಮ ಸೀಮೆಯಲ್ಲಿಯೂ ಹಾಗೆಯೇ. ಶಿಡ್ಲಘಟ್ಟದಲ್ಲಿ ಗೌಡನ ಕೆರೆಯಿದೆ, ಅಮ್ಮನ ಕೆರೆಯಿದೆ. ಒಡ್ಡನ ಹೆಸರಿನಲ್ಲಿ ಕೆರೆಯನ್ನು ನಾನು ಕಂಡಿಲ್ಲ. ಮಣ್ಣಿನ ಕೆಲಸ ಮಾಡುವ ಮಣ್ಣೊಡ್ಡರು, ಬಂಡೆಯನ್ನು ಸೀಳುವ ಕಲ್ಲೊಡ್ಡರು, ಇಂದು ಭೋವಿಗಳೆಂದು ಕರೆಯಿಸಿಕೊಳ್ಳುವ ಈ ಜನರೇ ದಕ್ಷಿಣದೇಶದ ಕೆರೆಗಳನ್ನು ಬೆವರಿನಿಂದ ತುಂಬಿಸಿದವರು. ತಂಡ ತಂಡವಾಗಿ, ತಮ್ಮ ಯಜಮಾನನೊಡನೆ, ಹೆಂಡಿರು ಮಕ್ಕಳ ಸಮೇತ ಕೆಲಸವಿದ್ದಲ್ಲಿಗೆ ಹೋಗಿ, ಕೆರೆಯಂಗಳದ ಅಂಚಿನಲ್ಲಿ ಗುಡಿಸಲು ಹಾಕಿ, ಗಂಡಸರು ಅಗೆದದ್ದನ್ನು ಹೆಂಗಸರು ಮಂಕರಿಯಲ್ಲಿ ಹೊತ್ತು ಏರಿಯ ಮೇಲೆ ಸುರಿಯುತ್ತಿದ್ದರು. ಅಗೆದ ಗುಣಿಯ ನಡುವೆ ಒಂದು ದಿಬ್ಬವನ್ನು ಮುಟ್ಟದೆ ಬಿಟ್ಟು, ಅದರ ಎತ್ತರದಿಂದ ಆಳವನ್ನು ಅಳೆದು ಕೂಲಿಯನ್ನು ಲೆಕ್ಕ ಹಾಕುವುದು ಮಣ್ಣಿನ ಕೆಲಸದ ರೂಢಿ. ಆ ದಿಬ್ಬವೇ ಅವರ ಶಾಸನ. ಕೂಲಿ ಎಣಿಸಿದ ಮೇಲೆ ಅದನ್ನೂ ಅಗೆದುಹಾಕುತ್ತಿದ್ದರು. ಗದ್ದೆಯಲ್ಲಿ ಪಾಲು ಬಂದವನು ಕೆರೆಯ ಕೆಳಗೆ ನಿಂತನು. ಕೂಲಿ ಮಾತ್ರ ಬಂದವನು ಇನ್ನೊಂದು ಊರಿಗೆ ನಡೆದನು.

ಇಲ್ಲಿ ಶರಣರ ನೆನಪು ತಾನಾಗಿಯೇ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ತಮ್ಮೂರಿನಲ್ಲಿ ಕೆರೆಯನ್ನು ಕಟ್ಟಿಸಿದ ಪುಣ್ಯಕಥೆಯನ್ನು ರಾಘವಾಂಕನ ಕಾವ್ಯದಿಂದ ಭಕ್ತರೆಲ್ಲರೂ ಬಲ್ಲರು. ಇಂದಿಗೂ ಭೋವಿ ಜನರು ತಮ್ಮ ಕುಲಗುರುವೆಂದು ನೆನೆಯುವುದು ಆ ಸಿದ್ಧರಾಮೇಶ್ವರರನ್ನೇ. ಯಾವ ಅರಸನ ಕಲ್ಲೂ ಕೊಡದ ಹೆಸರನ್ನು ಅವರು ಗುರುವಿನ ಹೆಸರಿನಲ್ಲಿ ಕಂಡುಕೊಂಡರು. ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಇದಕ್ಕೆ ಸಂಬಂಧಿಸಿದುದೇ. ಗಂಡನಾದ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಮಿಕ್ಕುದು ನಮ್ಮದಲ್ಲವೆಂದು ಹೇಳಿ ಹಿಂದಕ್ಕೆ ಕಳುಹಿಸಿದವಳು ಆಕೆ. ದುಡಿದವನು ತನಗೆ ಸಲ್ಲುವುದಕ್ಕಿಂತ ಹೆಚ್ಚನ್ನು ತೆಗೆದುಕೊಳ್ಳಬಾರದೆಂಬುದು ಆ ತಾಯಿಯ ನೀತಿ. ದುಡಿಸಿದವನು ಸಲ್ಲುವುದಕ್ಕಿಂತ ಕಡಿಮೆ ಕೊಡಬಾರದೆಂಬುದು ಅದೇ ನೀತಿಯ ಇನ್ನೊಂದು ಮುಖವಲ್ಲವೆ? ಕಟ್ಟುಕೊಡಗೆಯು ನೆಲದ ಒಡೆಯನಿಗೂ ಹಣದ ಒಡೆಯನಿಗೂ ನ್ಯಾಯವನ್ನು ಮಾಡಿತು. ಮಂಕರಿ ಹೊತ್ತವಳಿಗೂ ನ್ಯಾಯವಾಗಬೇಕೆಂಬ ಮಾತಿಗೆ ಬುನಾದಿಯನ್ನು ಹಾಕಿದವರು ಶರಣರು.

ಇನ್ನು ಈ ಪದ್ಧತಿಯು ಅಳಿದುದು ಹೇಗೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1856ರಲ್ಲಿ ಮೈಸೂರು ಸಂಸ್ಥಾನದಲ್ಲಿ ಮರಾಮತ್ತು ಇಲಾಖೆಯು ಸ್ಥಾಪಿತವಾಯಿತು. 1866ರಲ್ಲಿ ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು, 27,269 ಚದರ ಮೈಲಿಗಳ ಮೈಸೂರಿನಲ್ಲಿ ನೂರಕ್ಕೆ ಸುಮಾರು 60 ಪಾಲು ಕೆರೆಗಳ ಏರ್ಪಾಟಿಗೆ ಒಳಪಟ್ಟಿದೆಯೆಂದೂ, ಇದು ಇಲ್ಲಿನ ಜನರ ತಾಳ್ಮೆಯ ದುಡಿಮೆಯ ಫಲವೆಂದೂ ಬೆರಗಿನಿಂದ ಬರೆದರು. ಆದರೆ ಅವರು ಮೆಚ್ಚಿದ ಏರ್ಪಾಟಿನ ಬೇರು ಅದೇ ಕಾಲದಲ್ಲಿ ಸಡಿಲವಾಗುತ್ತಿದ್ದಿತು. ಕೆರೆಯ ಹೊಣೆಯು ಊರಿನಿಂದ ಸರ್ಕಾರದ ಕಡೆಗೆ ಸರಿಯಿತು. ಕೊಡಗೆಯ ಭೂಮಿಯು ಕಾಲಕ್ರಮದಲ್ಲಿ ಬರಿಯ ಸ್ವಂತ ಆಸ್ತಿಯಾಯಿತು, ಅದರೊಡನೆ ಬಂದಿದ್ದ ಕೆಲಸವು ಮರೆತುಹೋಯಿತು. 1911ರಲ್ಲಿ ಕೆರೆ ಪಂಚಾಯ್ತಿಗಳ ಕಾನೂನನ್ನು ಮಾಡಿ ರೈತರನ್ನು ಮತ್ತೆ ಕೂಡಿಸುವ ಪ್ರಯತ್ನವು ನಡೆಯಿತು. ಸ್ವಾತಂತ್ರ್ಯಾನಂತರ, 1954 ಮತ್ತು 1955ರ ಕಾಯಿದೆಗಳಿಂದ ಇನಾಂಗಳು ರದ್ದಾದುವು. 1961ರ ಗ್ರಾಮಾಧಿಕಾರಗಳ ರದ್ದತಿಯ ಕಾಯಿದೆಯಿಂದ ತೂಬನ್ನು ಕಾಯುತ್ತಿದ್ದ ನೀರುಗಂಟಿಯ ಉಂಬಳಿಯೂ ಹೋಯಿತು. ಉಳುವವನಿಗೆ ಭೂಮಿ ದೊರೆತುದು ನ್ಯಾಯವೇ ಸರಿ. ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಉಂಬಳಿಯನ್ನು ತೆಗೆದವರು ಅದರ ಹಿಂದಿದ್ದ ಕೆಲಸಕ್ಕೆ ಬೇರೊಬ್ಬ ವಾರಸುದಾರನನ್ನು ನೇಮಿಸಲು ಮರೆತರು. ತೂಬು ಅನಾಥವಾಯಿತು. ಹೂಳು ತುಂಬಿತು. ಅಂಗಳವು ಒತ್ತುವರಿಯಾಯಿತು. ಜನರು ಕೊಳವೆ ಬಾವಿಯ ಮೊರೆಹೊಕ್ಕು, ಇಂದು ಸಾವಿರ ಅಡಿಗಳನ್ನು ಮೀರಿ ಭೂಮಿಯನ್ನು ಕೊರೆದರೂ ನೀರು ಸಿಗದೆ ಬಾಯಾರಿದ್ದಾರೆ.

2002ರಲ್ಲಿ ಜಲಸಂವರ್ಧನೆ ಯೋಜನೆಯು ಕೋಲಾರವೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಕೆರೆಯ ಬಳಕೆದಾರರ ಸಂಘಗಳನ್ನು ಕಟ್ಟಿ, ಊರವರೂ ವಂತಿಗೆ ಕೊಟ್ಟು ಕೆಲಸದಲ್ಲಿ ಭಾಗಿಗಳಾಗಬೇಕೆಂದು ವಿಧಿಸಿತು. ಕಟ್ಟುಕೊಡಗೆಯ ಹಳೆಯ ನ್ಯಾಯವೇ ಹೊಸ ಉಡುಪಿನಲ್ಲಿ ಬಂದಂತಾಯಿತು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಬಳಸಿದ ನೀರನ್ನು ಶುದ್ಧೀಕರಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ನೀರೇನೋ ಬಂದಿತು, ಆ ನೀರಿನ ಗುಣದ ಬಗೆಗೆ ಸಂದೇಹಪಡುವವರೂ ಇದ್ದಾರೆ. ಅದು ಹೇಗೇ ಇರಲಿ, ನೀರು ಹೊರಗಿನಿಂದ ಬರಬಹುದು, ಏರಿಯ ಮೇಲಿನ ಕಾಳಜಿಯು ಹೊರಗಿನಿಂದ ಬರಲಾರದು.

ಮಠದ ಭಕ್ತರಲ್ಲಿ ಭೂಮಿಕಾಣಿಯುಳ್ಳವರು ಇದ್ದಾರೆ, ಕಟ್ಟಡದ ಕೆಲಸವನ್ನು ವಹಿಸಿಕೊಳ್ಳುವವರು ಇದ್ದಾರೆ, ಗಾರೆ ಕಲ್ಲುಗಳ ಕೆಲಸದಲ್ಲಿ ಕೈ ಸವೆಸಿದವರೂ ಇದ್ದಾರೆ. ಇವರೆಲ್ಲರೂ ಗದ್ದುಗೆಯ ಮುಂದೆ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುತ್ತಾರೆ. ಕಲ್ಯಾಣಿಯ ಹೂಳನ್ನೆತ್ತುವಾಗಲಾಗಲಿ, ದಾಸೋಹದ ಮನೆಯನ್ನೋ ಛತ್ರವನ್ನೋ ಕಟ್ಟುವಾಗಲಾಗಲಿ, ಊರಿನ ಕೆರೆಯನ್ನು ಸರಿಪಡಿಸುವಾಗಲಾಗಲಿ, ಮೂರು ಮಾತುಗಳನ್ನು ಹಿರಿಯರ ಕಲ್ಲುಗಳಿಂದ ಕಲಿಯಬಹುದೆಂದು ನನಗೆ ತೋರುತ್ತದೆ. ಕರಾರನ್ನು ಮೊದಲೇ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ, ಎಲ್ಲರೂ ಕಾಣುವಂತೆ ಬರೆದಿಡಬೇಕು. ಕಟ್ಟುವ ಖರ್ಚಿನೊಡನೆ ಕಾಪಾಡುವ ಖರ್ಚನ್ನೂ ಅದೇ ದಿನ ಗೊತ್ತುಮಾಡಬೇಕು. ಕಟ್ಟುವವನಿಗೆ, ಆ ಕಟ್ಟಡವು ನಿಂತರೆ ತಾನೂ ನಿಲ್ಲುವೆನೆಂಬಂತಹ ಒಂದು ಸಂಬಂಧವನ್ನು ಉಳಿಸಬೇಕು. ಇವಿಷ್ಟು ಹಿರಿಯರು ಮಾಡಿ ತೋರಿಸಿದವು. ಅವರು ಮಾಡದೆ ಬಿಟ್ಟುದು ಒಂದಿದೆ. ದಾನಿಗಳ ಹೆಸರುಗಳನ್ನು ಕೆತ್ತಿಸುವ ಕಲ್ಲಿನ ಮೇಲೆ, ಕೊನೆಯ ಸಾಲಿನಲ್ಲಾದರೂ ಸರಿ, ಮಣ್ಣು ಹೊತ್ತವರ ಹೆಸರುಗಳನ್ನೂ ಕೆತ್ತಿಸಬೇಕು. ಅದಕ್ಕೆ ಹಿಡಿಯುವುದು ಒಂದು ಗೇಣು ಕಲ್ಲು ಮಾತ್ರ.